ಕಪ್ಪೆಯ ಜೀವನಚಕ್ರ

ಕಪ್ಪೆಯ ಜೀವನಚಕ್ರವು ಮೊಟ್ಟೆ, ಗೊದಮೊಟ್ಟೆ, ಮರಿಗಪ್ಪೆ ಮತ್ತು ಪ್ರೌಢ ಕಪ್ಪೆ ಎಂಬ ನಾಲ್ಕು ಹಂತಗಳನ್ನು ಒಳಗೊಂಡಿದೆ. ನೀರಿನಲ್ಲಿ ಮೀನಿನಂತೆ ಬಾಳುವ ಗೊದಮೊಟ್ಟೆಯು ನೆಲದ ಮೇಲೆ ಬಾಳಬಲ್ಲ ಕಪ್ಪೆಯಾಗಿ ಬದಲಾಗುವ ಕ್ರಿಯೆಗೆ ರೂಪಾಂತರ ಎಂದು ಹೆಸರು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಂತಹ ಪ್ರದೇಶಗಳಲ್ಲಿ ಈ ಚಕ್ರವು ಮುಖ್ಯವಾಗಿ ಮುಂಗಾರು ಮಳೆಯನ್ನು ಅವಲಂಬಿಸಿದೆ.

ಮೊಟ್ಟೆಯ ಹಂತ

ಮಳೆಗಾಲದಲ್ಲಿ ಗಂಡು ಕಪ್ಪೆಗಳು ವಟಗುಟ್ಟಿ ಹೆಣ್ಣುಗಳನ್ನು ಆಕರ್ಷಿಸುತ್ತವೆ. ಗೂಳಿಕಪ್ಪೆಯ ಗಂಡು ಈ ಕಾಲದಲ್ಲಿ ಹಳದಿ ಬಣ್ಣ ತಳೆಯುತ್ತದೆ. ಅದರ ಧ್ವನಿಚೀಲಗಳು ನೀಲಿಯಾಗಿ ಉಬ್ಬುತ್ತವೆ. ಹೆಣ್ಣು ನೀರಿನಲ್ಲಿ ಮೊಟ್ಟೆಯಿಟ್ಟಾಗ ಗಂಡು ಅವುಗಳ ಮೇಲೆ ವೀರ್ಯವನ್ನು ಚೆಲ್ಲುತ್ತದೆ. ಮೊಟ್ಟೆಗಳಿಗೆ ಚಿಪ್ಪು ಇರುವುದಿಲ್ಲ, ಲೋಳೆಯ ಹೊದಿಕೆ ಮಾತ್ರ ಇರುತ್ತದೆ. ಆದ್ದರಿಂದ ನೀರು ಬತ್ತಿದರೆ ಅವು ಉಳಿಯಲಾರವು.

ಗೊದಮೊಟ್ಟೆ ಮತ್ತು ರೂಪಾಂತರ

ಮೊಟ್ಟೆಯಿಂದ ಹೊರಬಂದ ಗೊದಮೊಟ್ಟೆಗೆ ಬಾಲವಿರುತ್ತದೆ, ಕಾಲುಗಳಿರುವುದಿಲ್ಲ. ಅದು ಕಿವಿರುಗಳಿಂದ ಉಸಿರಾಡುತ್ತದೆ. ಹೆಚ್ಚಿನ ಜಾತಿಗಳ ಗೊದಮೊಟ್ಟೆಗಳು ಪಾಚಿಯನ್ನು ತಿನ್ನುವುದರಿಂದ ಅವುಗಳ ಕರುಳು ಉದ್ದವಾಗಿ ಸುರುಳಿ ಸುತ್ತಿರುತ್ತದೆ. ಗೂಳಿಕಪ್ಪೆಯ ಗೊದಮೊಟ್ಟೆಗಳಾದರೋ ಇತರ ಗೊದಮೊಟ್ಟೆಗಳನ್ನೂ ತಿನ್ನುತ್ತವೆ.

ಥೈರಾಯ್ಡ್ ಗ್ರಂಥಿಯ ಹಾರ್ಮೋನು ರೂಪಾಂತರವನ್ನು ನಡೆಸುತ್ತದೆ. ಮೊದಲು ಹಿಂಗಾಲುಗಳು, ಅನಂತರ ಮುಂಗಾಲುಗಳು ಕಾಣಿಸಿಕೊಳ್ಳುತ್ತವೆ. ಕಿವಿರುಗಳು ಮರೆಯಾಗಿ ಶ್ವಾಸಕೋಶಗಳು ಕೆಲಸಕ್ಕೆ ತೊಡಗುತ್ತವೆ. ಕರುಳು ಮೊಟಕಾಗುತ್ತದೆ, ಬಾಯಿ ಅಗಲವಾಗುತ್ತದೆ. ಬಾಲವು ಕಳಚಿ ಬೀಳುವುದಿಲ್ಲ; ದೇಹವೇ ಅದನ್ನು ಕರಗಿಸಿ ಪೋಷಣೆಗೆ ಬಳಸಿಕೊಳ್ಳುತ್ತದೆ. ಹೀಗೆ ರೂಪುಗೊಂಡ ಮರಿಗಪ್ಪೆಯು ನೆಲಕ್ಕೆ ಬಂದು ಕೀಟಗಳನ್ನು ತಿಂದು ಬೆಳೆಯುತ್ತದೆ.

ಪರಿಸರದ ಪ್ರಭಾವ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂತಹ (ಶಾಂತಿಸಾಗರ) ದೊಡ್ಡ ಕೆರೆಗಳ ಅಂಚಿನಲ್ಲಿಯೂ ಭದ್ರಾ ನಾಲೆಯ ನೀರು ಹರಿಯುವ ಭತ್ತದ ಗದ್ದೆಗಳಲ್ಲಿಯೂ ನೀರು ಹೆಚ್ಚು ಕಾಲ ನಿಲ್ಲುತ್ತದೆ. ಮಳೆ ಕಡಿಮೆ ಬೀಳುವ ಜಗಳೂರಿನಲ್ಲಿ ತಾತ್ಕಾಲಿಕ ಹೊಂಡಗಳು ಬೇಗ ಬತ್ತುತ್ತವೆ. ನೀರು ಇಳಿಯತೊಡಗಿದಾಗ ಅನೇಕ ಜಾತಿಗಳ ಗೊದಮೊಟ್ಟೆಗಳು ರೂಪಾಂತರವನ್ನು ತ್ವರಿತಗೊಳಿಸುತ್ತವೆ. ಆದರೆ ಹಾಗೆ ಹೊರಬರುವ ಮರಿಗಳು ಗಾತ್ರದಲ್ಲಿ ಸಣ್ಣವಾಗಿರುತ್ತವೆ. ಕಾಲುಗಳು ಮೂಡುವ ಮೊದಲೇ ಹೊಂಡ ಒಣಗಿದರೆ ಆ ಸಂತತಿ ಪೂರ್ತಿ ನಾಶವಾಗುತ್ತದೆ. ಬಿಲ ತೋಡುವ ಪ್ರೌಢ ಕಪ್ಪೆಗಳು ಮಾತ್ರ ಬೇಸಿಗೆಯನ್ನು ಮಣ್ಣಿನೊಳಗೆ ಕಳೆದು ಮುಂದಿನ ಮಳೆಗೆ ಹೊರಬರುತ್ತವೆ.

ಸಂರಕ್ಷಣೆ

ಕಪ್ಪೆಯ ಚರ್ಮವು ನೀರನ್ನೂ ಗಾಳಿಯನ್ನೂ ಹೀರಿಕೊಳ್ಳುವಂತಹುದು. ಆದಕಾರಣ ಗದ್ದೆಗಳಿಗೆ ಸಿಂಪಡಿಸುವ ಕೀಟನಾಶಕಗಳು ಅದರ ದೇಹವನ್ನು ಸುಲಭವಾಗಿ ಸೇರುತ್ತವೆ. ಬೆಳೆಗೆ ಹಾನಿ ಮಾಡುವ ಕೀಟಗಳನ್ನು ತಿನ್ನುವುದರಿಂದ ಕಪ್ಪೆಯು ರೈತರಿಗೆ ಉಪಕಾರಿ. ಭಾರತ ಸರ್ಕಾರವು 1987ರಲ್ಲಿ ಕಪ್ಪೆಕಾಲುಗಳ ರಫ್ತನ್ನು ನಿಷೇಧಿಸಿತು. ಕಪ್ಪೆಗಳು ಉಳಿಯಬೇಕಾದರೆ ದೊಡ್ಡ ಕೆರೆಗಳಷ್ಟೇ ಅಲ್ಲದೆ, ಕೆಲವೇ ವಾರ ನೀರು ನಿಲ್ಲುವ ಸಣ್ಣ ಹೊಂಡಗಳೂ ಉಳಿಯುವುದು ಅವಶ್ಯಕ.