‘ಅನ್ನುಲ್ಲಾರೆ’ಯ ಇಂಗ್ಲಿಷ್ ರೂಪಗಳು

ಇಟಲಿಯಲ್ಲಿ ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಕೊಂಡವನು ಗಾಡಿ ಹತ್ತುವ ಮುನ್ನ ನಿಲ್ದಾಣದ ಸಣ್ಣ ಯಂತ್ರವೊಂದರೊಳಗೆ ಅದನ್ನು ತೂರಿಸಿ ದಿನಾಂಕ ವೇಳೆಗಳ ಮುದ್ರೆ ಒತ್ತಿಸಿಕೊಳ್ಳಬೇಕು. ತಪ್ಪಿದರೆ, ಹಣ ತೆತ್ತವನೇ ಆದರೂ, ದಂಡಕ್ಕೆ ಪಾತ್ರನು. ‘ಇಲ್ಲವಾಗಿಸು’ ಎಂಬ ಅರ್ಥದ ಇಟಾಲಿಯನ್ ‘ಅನ್ನುಲ್ಲಾರೆ’ ಧಾತು ಟಿಕೆಟಿಗೆ ಹೀಗೆ ಮುದ್ರೆಯೊತ್ತುವುದಕ್ಕೂ ಸಲ್ಲುತ್ತದೆ; ಇಂಗ್ಲಿಷಿನಲ್ಲಿ ಅದೇ ಕ್ರಿಯೆ ‘ವ್ಯಾಲಿಡೇಟ್’, ಎಂದರೆ ಸಿಂಧುಗೊಳಿಸುವುದು! ವಿರೋಧವು ತೋರಿಕೆಯದು ಮಾತ್ರ: ಟಿಕೆಟು ಮತ್ತೊಮ್ಮೆ ಬಳಕೆಗೆ ಬಾರದಂತೆ ಮಾಡುವ ಮುದ್ರೆಯೇ ಈ ಹೊತ್ತಿನ ಪ್ರಯಾಣಕ್ಕೆ ಅದನ್ನು ಅರ್ಹವಾಗಿಸುತ್ತದೆ.

ಅಂಚೆಚೀಟಿಗೂ ಹೋಟೆಲಿನ ಕೋಣೆಗೂ ‘ಕ್ಯಾನ್ಸಲ್’ ಎಂದರೆ ಸಾಕು. ಭಾಷಾಂತರಕಾರನ ನಿಜವಾದ ಪರೀಕ್ಷೆ ನ್ಯಾಯಾಲಯದಲ್ಲಿ. 2007ರಲ್ಲಿ ಪೆರೂಜಾ ನಗರದಲ್ಲಿ ನಡೆದ ವಿದ್ಯಾರ್ಥಿನಿಯೊಬ್ಬಳ ಕೊಲೆಯ ಮೊಕದ್ದಮೆಯಲ್ಲಿ ಇಟಲಿಯ ಪರಮೋಚ್ಚ ನ್ಯಾಯಾಲಯವು 2013ರಲ್ಲಿ ಆರೋಪಿಗಳ ಬಿಡುಗಡೆಯ ತೀರ್ಪನ್ನೂ, 2015ರಲ್ಲಿ ಅವರಿಗೆ ವಿಧಿಸಲಾಗಿದ್ದ ಶಿಕ್ಷೆಯ ತೀರ್ಪನ್ನೂ ಇದೊಂದೇ ಧಾತುವಿನಿಂದ ಅಳಿಸಿತು. ಮೊದಲನೆಯದು ಮರುವಿಚಾರಣೆಗೆ ಹಿಂದಿರುಗಿಸಿ ರದ್ದುಪಡಿಸಿದ್ದು, ಎರಡನೆಯದು ಹಿಂದಿರುಗಿಸದೆಯೇ ರದ್ದುಪಡಿಸಿದ್ದು. ಈ ವಿಶೇಷಣವನ್ನು ಬಿಟ್ಟು ಬರಿದೆ ‘ಓವರ್‌ಟರ್ನ್’ ಎಂದು ಬರೆದರೆ ಕಥೆ ಮುಗಿಯಿತೋ ಮುಂದುವರಿಯಿತೋ ಓದುಗನಿಗೆ ತಿಳಿಯುವುದಾದರೂ ಹೇಗೆ?

ಕರಾರುಗಳ ವಿಷಯದಲ್ಲಿ ಭೇದವು ಇನ್ನೂ ಸೂಕ್ಷ್ಮ. 1942ರ ಇಟಲಿಯ ಸಿವಿಲ್ ಸಂಹಿತೆಯ ಪ್ರಕಾರ ಕಾನೂನಿನ ಕಡ್ಡಾಯ ನಿಯಮಗಳಿಗೆ ವಿರುದ್ಧವಾದ ಕರಾರು ಸಾಮಾನ್ಯವಾಗಿ ಹುಟ್ಟಿನಿಂದಲೇ ಶೂನ್ಯ, ಅದನ್ನು ಪ್ರಶ್ನಿಸಲು ಕಾಲಮಿತಿಯಿಲ್ಲ. ಭ್ರಾಂತಿ, ಬಲಾತ್ಕಾರ, ವಂಚನೆಗಳಿಂದಾದ ಕರಾರಾದರೋ ನ್ಯಾಯಾಧೀಶನು ಇಲ್ಲವಾಗಿಸುವವರೆಗೆ ಜೀವಂತ, ಅದಕ್ಕೆ 5 ವರ್ಷಗಳ ಅವಧಿ. ಇಂಗ್ಲಿಷಿನವರು ಮೊದಲನೆಯದನ್ನು ‘ವಾಯ್ಡ್’, ಎರಡನೆಯದನ್ನು ‘ವಾಯ್ಡಬಲ್’ ಎನ್ನುವರು. ನಮ್ಮ 1955ರ ಹಿಂದೂ ವಿವಾಹ ಕಾಯಿದೆಯೂ 11 ಮತ್ತು 12ನೆಯ ಕಲಮುಗಳಲ್ಲಿ ಇದೇ ಬಗೆಯ ಭೇದವನ್ನು ಪಾಲಿಸಿದೆ. ನಾವು ಎಲ್ಲಕ್ಕೂ ‘ರದ್ದು’ ಎಂದು ಕೈತೊಳೆದುಕೊಳ್ಳುವುದು ಬೇರೆಯ ಮಾತು.

ವಿವಾಹದ ಸಂಗತಿಯಲ್ಲಂತೂ ‘ಅನಲ್’ ಎಂಬ ಪ್ರಚಲಿತ ಇಂಗ್ಲಿಷ್ ಪದವೇ ದಾರಿ ತಪ್ಪಿಸುತ್ತದೆ. ಕ್ಯಾಥೊಲಿಕ್ ಧರ್ಮಪೀಠವು ವಿವಾಹವನ್ನು ಮುರಿಯುವುದಿಲ್ಲ. ಅದು ಮೊದಲಿನಿಂದಲೂ ವಿವಾಹವೇ ಆಗಿರಲಿಲ್ಲವೆಂದು ಘೋಷಿಸುತ್ತದೆ. ವಿಚ್ಛೇದನವನ್ನು ಒಪ್ಪದಿದ್ದ ಇಟಲಿಯಲ್ಲಿ ಈ ಘೋಷಣೆಗೆ ಎಷ್ಟು ಬೆಲೆಯಿದ್ದಿರಬೇಕೆಂಬುದನ್ನು ಊಹಿಸಬಹುದು.

1970ರ ಡಿಸೆಂಬರಿನಲ್ಲಿ ವಿಚ್ಛೇದನದ ಕಾನೂನು ಬಂದಿತು; ಅದನ್ನು ತೊಡೆದುಹಾಕಲೆಂದು 1974ರ ಮೇ ತಿಂಗಳಲ್ಲಿ ಜನಮತಗಣನೆ ನಡೆದಾಗ ಪ್ರಶ್ನೆಯ ಧಾತು ‘ಅಬ್ರೊಗಾರೆ’. ಇದು ‘ರಿಪೀಲ್’, ಹಿಂದಿನದನ್ನು ಮುಟ್ಟದೆ ಮುಂದಕ್ಕೆ ಮಾತ್ರ ಕಾನೂನನ್ನು ನಿಲ್ಲಿಸುವುದು. ವಿಚ್ಛೇದನ ಬೇಕೆಂದವರು ‘ಬೇಡ’ ಎಂದೂ, ಬೇಡವೆಂದವರು ‘ಹೌದು’ ಎಂದೂ ಗುರುತು ಹಾಕಬೇಕಾಗಿತ್ತು. ಶೇಕಡಾ 59ರಷ್ಟು ಮಂದಿ ‘ಬೇಡ’ ಎಂದರು, ಕಾನೂನು ಉಳಿಯಿತು.