ಗರಡಿಯಿಂದ ಸೆರೆಮನೆಗೆ
ಯಲಹಂಕ, ಹೆಬ್ಬಾಳಗಳ ಮೈದಾನಗಳಿಗೆ ಮುಂಜಾನೆಯೇ ಮಕ್ಕಳನ್ನು ಕರೆದೊಯ್ಯುವ ತಾಯ್ತಂದೆಯರು, ಆಟದಲ್ಲಿ ಹೆಸರು ಬಂದರೆ ಸರ್ಕಾರಿ ಹುದ್ದೆಯೂ ದೊರೆತೀತೆಂದು ಆಶಿಸುವುದುಂಟು. ಅಂತಹವರು ಪಂಜಾಬಿನ ಜಗದೀಶ್ ಭೋಲಾನ ವೃತ್ತಾಂತವನ್ನು ತಿಳಿಯಬೇಕೆಂದು ನಾವು ಬಯಸುತ್ತೇವೆ. ಕುಸ್ತಿಯಲ್ಲಿ ಅರ್ಜುನ ಪ್ರಶಸ್ತಿ ಪಡೆದ ಈ ಜಟ್ಟಿ ಅಲ್ಲಿನ ಪೊಲೀಸ್ ಇಲಾಖೆಯಲ್ಲಿ ಡಿವೈಎಸ್ಪಿಯಾಗಿದ್ದನು. 2012ರಲ್ಲಿ ವಜಾಗೊಂಡನು, 2013ರಲ್ಲಿ ಮಾದಕವಸ್ತು ಜಾಲದ ಸೂತ್ರಧಾರನೆಂದು ಸೆರೆಸಿಕ್ಕನು. ನೆಗಡಿಯ ಔಷಧಕ್ಕೆ ಬಳಸುವ ರಾಸಾಯನಿಕವೇ ಆ ವಿಷಕ್ಕೆ ಮೂಲದ್ರವ್ಯ! ಗರಡಿಯಲ್ಲಾದರೆ ಗುರುವಿನ ಕಣ್ಣಿರುತ್ತದೆ. ಅಧಿಕಾರವೇರಿದ ಪೈಲ್ವಾನನನ್ನು ಗದರಿಸುವವರಾರು? ಮಣ್ಣಿನಲ್ಲಿ ಮೈ ಬೆಳೆಸಿದವನೇ ತರುಣರ ಮೈ ಕೆಡಿಸುವ ದಂಧೆಗಿಳಿದದ್ದು ನಮ್ಮನ್ನು ಬಹಳ ನೋಯಿಸಿದೆ. 2019ರಲ್ಲಿ ಮೊಹಾಲಿಯ ವಿಶೇಷ ನ್ಯಾಯಾಲಯವು ಅವನಿಗೆ ಸೆರೆವಾಸ ವಿಧಿಸಿತು. 2024ರಲ್ಲಿ, ಆ ದಂಧೆಯ ಹಣದ ಅಕ್ರಮ ವಹಿವಾಟಿಗಾಗಿ, ಮತ್ತೆ 10 ವರ್ಷಗಳ ಶಿಕ್ಷೆಯಾಯಿತು.