ಎಲ್ಲರಿಗೂ ಒಂದೇ ಲೋಟ

ಮಾಲೂರಿನಿಂದ ಬಂದ ಬಸ್ಸನ್ನು ಮಾಸ್ತಿಯಲ್ಲಿಳಿದು ಒಂದು ಪುಟ್ಟ ಹೋಟಲಿನಲ್ಲಿ ಕಾಫಿ ಕೇಳಿದೆ.

“ಲೋಟದಲ್ಲಿ ಕೊಡಲೋ ಸ್ವಾಮಿ, ಪೇಪರ್ ಕಪ್ಪಿನಲ್ಲೋ?” ಎಂದರು ಯಜಮಾನರು.

ಲೋಟದಲ್ಲೇ ಆಗಲಿ ಎಂದೆ. ಬೆಂಚಿನ ಮೇಲಿದ್ದ ವೃದ್ಧರೊಬ್ಬರು ನಕ್ಕರು. “ನಾನು ಹುಡುಗನಾಗಿದ್ದಾಗ ನಮ್ಮೂರಿನಲ್ಲಿ ನಮ್ಮವರನ್ನು ಹೀಗೆ ಕೇಳುತ್ತಿರಲಿಲ್ಲ. ನಮ್ಮ ಲೋಟ ಹೊರಗೆ ಸೂರಿನ ಸಂದಿಯಲ್ಲಿರುತ್ತಿತ್ತು. ಕುಡಿದು, ನಾವೇ ತೊಳೆದು, ಅಲ್ಲೇ ಸಿಕ್ಕಿಸಬೇಕಾಗಿತ್ತು.”

ಒಂದೇ ಲೋಟವನ್ನು ಹಲವರು ಬಳಸುವ ವಿಚಾರ ಈಗ ದೇಶದೇಶಗಳಲ್ಲಿ ನಡೆದಿದೆ. ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ 2016ರಲ್ಲಿ ಇದಕ್ಕೆಂದೇ ಒಂದು ಏರ್ಪಾಡು ಮೊದಲಾಯಿತು. ಒಂದು ಯೂರೋ ಠೇವಣಿಯಿಟ್ಟು ಲೋಟದಲ್ಲಿ ಕಾಫಿ ಪಡೆಯುವುದು. ಯೋಜನೆಗೆ ಸೇರಿದ ಯಾವ ಅಂಗಡಿಯಲ್ಲಾದರೂ ಲೋಟ ಹಿಂದಿರುಗಿಸಿ ಹಣ ಪಡೆಯುವುದು. 2023ರ ಜನವರಿಯಿಂದ ಆ ದೇಶದ ದೊಡ್ಡ ಹೋಟಲುಗಳು, ಕಟ್ಟಿಸಿಕೊಂಡು ಹೋಗುವ ಗಿರಾಕಿಗೆ ಮರುಬಳಕೆಯ ಪಾತ್ರೆಯನ್ನೂ ಒದಗಿಸಬೇಕೆಂದು ಕಾನೂನೇ ಆಯಿತು. ಗೋಲಿ ಸೋಡಾ ಕುಡಿದು ಸೀಸೆಯನ್ನು ಅಂಗಡಿಯವನ ಕೈಗೇ ಕೊಟ್ಟು ಬೆಳೆದ ನಮಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯವರು ಸಮಾರಂಭಗಳಿಗೆ ಸ್ಟೀಲಿನ ತಟ್ಟೆ ಲೋಟಗಳನ್ನು ಎರವಲು ಕೊಡುತ್ತ ಬಂದಿದ್ದಾರೆ.

ಪೇಪರ್ ಕಪ್ಪು ಬರಿಯ ಕಾಗದವೇನೂ ಅಲ್ಲ. ಒಳಗೆ ತೆಳುವಾದ ಪ್ಲಾಸ್ಟಿಕ್ ಲೇಪವಿರುತ್ತದೆ. ಬಿಸಿ ನೀರು ಹದಿನೈದು ನಿಮಿಷ ಅದರಲ್ಲಿದ್ದರೆ 100 ಮಿಲಿಲೀಟರಿಗೆ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಸೇರುತ್ತವೆಂದು ಖರಗ್‌ಪುರದ ಐ.ಐ.ಟಿ. ವಿಜ್ಞಾನಿಗಳು 2020ರಲ್ಲಿ ತಿಳಿಸಿದರು. ನಮ್ಮ ಫಿಲ್ಟರ್ ಕಾಫಿ ಅಷ್ಟು ಹೊತ್ತು ಉಳಿಯುವುದಿಲ್ಲವೆನ್ನಿ!

“ನೀವು ಹೇಳುವುದು ಸರಿ. ಆದರೆ ತೊಳೆಯಲು ನೀರು?” ಎಂದರು ಯಜಮಾನರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿಯ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾದುದು ಈ ಬವಣೆಯಿಂದಲೇ. ಬೇಸಗೆಯಲ್ಲಿ ಟ್ಯಾಂಕರಿನ ನೀರಿಗೆ ದುಡ್ಡು ತೆತ್ತು ಲೋಟ ತೊಳೆಸುವವರಿಗೆ ಬರಿಯ ಉಪದೇಶ ಮಾಡಿ ಫಲವೇನು? ಹಲವು ಅಂಗಡಿಗಳು ಸೇರಿ ಒಂದೆಡೆ ಬಿಸಿನೀರಿನಲ್ಲಿ ತೊಳೆಸುವ ವ್ಯವಸ್ಥೆ ಮಾಡಿಕೊಂಡರೆ ಖರ್ಚು ಹಂಚಿಹೋದೀತೆಂದು ನನಗೆ ತೋರುತ್ತದೆ.

ವೃದ್ಧರ ಮನಸ್ಸು ಮಾತ್ರ ಬೇರೆ ಕಡೆಯಿತ್ತು. “ಪೇಪರ್ ಕಪ್ಪು ಬಂದ ಮೇಲೆ ಕೆಲವರಿಗೆ ಅನುಕೂಲವಾಯಿತು. ಯಾರ ಲೋಟ ಯಾರು ಮುಟ್ಟಿದರೆಂಬ ಪ್ರಶ್ನೆಯೇ ಇಲ್ಲವಲ್ಲ!” ಎಂದರು.

1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯ ನಾಲ್ಕನೆಯ ಕಲಮು, ಹೋಟಲಿನಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಗಳ ಬಳಕೆಗೆ ಅಸ್ಪೃಶ್ಯತೆಯ ನೆಪದಿಂದ ಅಡ್ಡಿಮಾಡುವುದನ್ನು ಅಪರಾಧವೆಂದು ಸಾರಿತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂಬ ಹೆಸರು ಬಂದಿತು. ಎಲ್ಲರೂ ಒಂದೇ ಲೋಟವನ್ನು ಬಳಸುವ ಹಕ್ಕು ನಮ್ಮಲ್ಲಿ ಶಾಸನದ ಮೂಲಕ ಬರಬೇಕಾಯಿತು. ಕಸದ ಚಿಂತೆ ಹುಟ್ಟಿದ್ದು ಬಹಳ ಈಚೆಗೆ.

ಅಷ್ಟರಲ್ಲಿ ಹುಡುಗ ಕುದಿನೀರಿನಿಂದ ಲೋಟಗಳನ್ನೆತ್ತಿದ. ಯಜಮಾನರು ಒಂದು ಕಾಫಿಯನ್ನು ಎರಡಾಗಿ ಹಂಚಿ, ಒಂದನ್ನು ವೃದ್ಧರಿಗೆ, ಒಂದನ್ನು ನನಗೆ ಕೊಟ್ಟರು.